‘ಅಂಗ’ವೆಂಬ ಮರೆಮಾತು: ಗರ್ಭಕೋಶ ಜಾರುವಿಕೆ ಮತ್ತು ನಿತ್ಯದ ಆಸರೆಗಳ ಚರಿತ್ರೆ

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಕನ್ನಡ ಹೆಂಗಸರು ದವಾಖಾನೆಯಲ್ಲಿ ಕೇಳಿಸಿಕೊಳ್ಳುವ ಮರಾಠಿ ಮಾತುಗಳಲ್ಲಿ ‘ಅಂಗ ಬಾಹೇರ್ ಯೇಣೆ’ ಎಂಬುದೊಂದು. ‘ಅಂಗ ಹೊರಬರುವುದು’ ಎಂಬುದು ಅದರ ನೇರ ಅರ್ಥ. ಯಾವ ಅಂಗವೆಂದು ಮಾತು ಹೇಳುವುದಿಲ್ಲ. ಹೇಳದಿರಲೆಂದೇ ಅದು ಹುಟ್ಟಿದೆ. ದೂರದ ನೇಪಾಳಿಯಲ್ಲಿಯೂ ಇದೇ ಬಾಧೆಗೆ ‘ಆಙ್ ಖಸ್ನೆ’, ಅಂದರೆ ಅಂಗ ಜಾರುವುದು ಎಂಬ ಹೆಸರಿದೆ. ರಾಯದುರ್ಗ, ಮಡಕಶಿರಗಳ ತೆಲುಗು ‘ಗರ್ಭಸಂಚಿ ಜಾರಡಂ’ ಎನ್ನುತ್ತದೆ. ಕನ್ನಡದಲ್ಲಿ ‘ಗರ್ಭಕೋಶ ಜಾರುವುದು’, ‘ಗರ್ಭಚೀಲ ಕೆಳಗಿಳಿಯುವುದು’ ಎನ್ನುತ್ತೇವೆ. ಆದರೆ ಜಾರುವುದು ಯಾವಾಗಲೂ ಗರ್ಭಕೋಶವೇ ಅಲ್ಲ. ಕಟಿಕುಹರದ ತಳದ ಸ್ನಾಯುಗಳೂ ತಂತುಗಳೂ ಸಡಿಲಗೊಂಡಾಗ ಮೂತ್ರಕೋಶವೋ ಗುದನಾಳವೋ ಯೋನಿಯ ಗೋಡೆಯನ್ನು ಒತ್ತಿಕೊಂಡು ಇಳಿಯಬಹುದು. ಹೆರಿಗೆ, ವಯಸ್ಸು, ಹೊರೆ ಎತ್ತುವ ದುಡಿಮೆ, ಬಿಡದ ಕೆಮ್ಮು, ಮಲಬದ್ಧತೆ ಇದರ ಮುಖ್ಯ ಕಾರಣಗಳು.

ಈ ಬಾಧೆಯ ಚರಿತ್ರೆಯನ್ನು ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯ ಚರಿತ್ರೆಯಾಗಿ ಬರೆಯಲಾಗಿದೆ. ಶಸ್ತ್ರಚಿಕಿತ್ಸೆಯಿಲ್ಲದೆ, ಅಥವಾ ಅದಕ್ಕೆ ಮೊದಲು, ಹೆಂಗಸರು ದಿನಗಳನ್ನು ಹೇಗೆ ಸಾಗಿಸಿದರು ಎಂಬುದು ಅದರ ಅಂಚಿನಲ್ಲಿ ಮಾತ್ರ ಕಾಣಿಸುತ್ತದೆ. ಆ ಅಂಚನ್ನೇ ಓದುವುದು ಈ ಬರಹದ ಉದ್ದೇಶ.

ಗ್ರೀಕ್ ವೈದ್ಯಗ್ರಂಥಗಳಲ್ಲಿ ಎರಡು ದಾರಿಗಳು ಅಕ್ಕಪಕ್ಕದಲ್ಲಿವೆ. ಒಂದು, ಹೆಂಗಸನ್ನು ತಲೆಕೆಳಗಾಗಿ ಏಣಿಗೆ ಕಟ್ಟಿ ಅಲುಗಾಡಿಸುವುದು. ಇನ್ನೊಂದು, ದಾಳಿಂಬೆ ಹಣ್ಣನ್ನು ಒಳಗಿರಿಸಿ ಜಾರಿದ ಭಾಗಕ್ಕೆ ಆನಿಕೆ ಕೊಡುವುದು. ಕ್ರಿ.ಶ. 2ನೆಯ ಶತಮಾನದ ಆಸುಪಾಸಿನ ಸೊರಾನಸ್ ಏಣಿಯ ಪದ್ಧತಿಯನ್ನು ಖಂಡಿಸಿದನು. ನಾರುಬಟ್ಟೆ ಸುತ್ತಿದ ಉಣ್ಣೆಯ ಉಂಡೆಯನ್ನೂ ವಿಶ್ರಾಂತಿಯನ್ನೂ ಸೂಚಿಸಿದನು. ನಮ್ಮ ಸುಶ್ರುತಸಂಹಿತೆಯ ಉತ್ತರತಂತ್ರವು ಇಪ್ಪತ್ತು ಯೋನಿವ್ಯಾಪತ್ತುಗಳ ನಡುವೆ ‘ಪ್ರಸ್ರಂಸಿನಿ’ಯನ್ನು ಹೆಸರಿಸುತ್ತದೆ. ತುಪ್ಪ ಸವರಿ, ಹಾಲಿನ ಶಾಖ ಕೊಟ್ಟು, ಒಳಸೇರಿಸಿ, ಮೇಲೆ ಕಟ್ಟು ಕಟ್ಟಬೇಕೆಂದು ವಿಧಿಸುತ್ತದೆ. ಚರಕಸಂಹಿತೆಯೂ ಸ್ಥಾನ ತಪ್ಪಿದ್ದನ್ನು ಕೈಯಿಂದ ಮರಳಿ ನೆಲೆಗೊಳಿಸುವುದನ್ನು ಹೇಳುತ್ತದೆ. ದೇಶ ಬೇರೆ, ಭಾಷೆ ಬೇರೆ. ಉಪಾಯ ಮಾತ್ರ ಒಂದೇ: ಮೆದುಗೊಳಿಸು, ಒಳಸೇರಿಸು, ಆನಿಸಿ ಹಿಡಿ.

ಈ ಆನಿಕೆಗೆ ಇಂದಿನ ವೈದ್ಯಕೀಯ ಹೆಸರು ಪೆಸರಿ. ಆಟದ ಕಾಯಿಕಲ್ಲನ್ನು ಸೂಚಿಸುವ ಗ್ರೀಕ್ ಪದದಿಂದ ಬಂದದ್ದು. 16ನೆಯ ಶತಮಾನದ ಫ್ರಾನ್ಸಿನಲ್ಲಿ ಆಂಬ್ರೋಯ್ಸ್ ಪಾರೆ ಹಿತ್ತಾಳೆ ಮತ್ತು ಮೇಣ ಹಚ್ಚಿದ ಬೆಂಡಿನ ಪೆಸರಿಗಳನ್ನು ವರ್ಣಿಸಿದನು. ಲೋಹ ಒರಟು, ಬೆಂಡು ಕೊಳೆಯುವಂಥದ್ದು. 1844ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಗಂಧಕದೊಂದಿಗೆ ರಬ್ಬರನ್ನು ಹದಗೊಳಿಸುವ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೆ ಆಕಾರ ಕೆಡದ, ತೊಳೆಯಬಲ್ಲ ಸಾಧನ ಸಾಧ್ಯವಾಯಿತು. ಫಿಲಡೆಲ್ಫಿಯಾದ ಹ್ಯೂ ಲೆನಕ್ಸ್ ಹಾಜ್‌ನ ಹೆಸರಿನ ಬಾಗಿದ ಪೆಸರಿ ಆ ಕಾಲದ್ದು. ಇಂದಿನವು ಸಿಲಿಕೋನಿನ ಬಳೆಗಳು.

ಅದೇ ಶತಮಾನದಲ್ಲಿ ಶಸ್ತ್ರಚಿಕಿತ್ಸೆಯೂ ಬಲಗೊಂಡಿತು. 1888ರಲ್ಲಿ ಮ್ಯಾಂಚೆಸ್ಟರಿನ ಆರ್ಚಿಬಾಲ್ಡ್ ಡೊನಾಲ್ಡ್ ಆರಂಭಿಸಿದ ವಿಧಾನ ಪ್ರಸಿದ್ಧವಾಯಿತು. 1899ರಲ್ಲಿ ಗೋವೆಯಲ್ಲಿ ಹುಟ್ಟಿ ಮುಂಬಯಿಯಲ್ಲಿ ಕೆಲಸ ಮಾಡಿದ ವಿ. ಎನ್. ಶಿರೋಡ್ಕರ್ ಗರ್ಭಕೋಶವನ್ನು ತೆಗೆಯದೆ ಎತ್ತಿ ಕಟ್ಟುವ ವಿಧಾನವನ್ನು ರೂಪಿಸಿದರು. ಇನ್ನೂ ಮಕ್ಕಳಾಗಬೇಕಿದ್ದ ಹೆಂಗಸರಿಗೆ ಇದು ದೊಡ್ಡ ಉಪಕಾರ. 1948ರಲ್ಲಿ ಅಮೆರಿಕದ ಆರ್ನಾಲ್ಡ್ ಕೆಗಲ್ ಕಟಿತಳದ ಸ್ನಾಯುಗಳ ವ್ಯಾಯಾಮವನ್ನು ಪ್ರಕಟಿಸಿದರು. ಮೂತ್ರವನ್ನೂ ವಾಯುವನ್ನೂ ತಡೆಯುವಾಗ ಬಿಗಿಯುವ ಸ್ನಾಯುವನ್ನು ಕೆಲವು ಸೆಕೆಂಡು ಬಿಗಿಹಿಡಿದು ಸಡಿಲಿಸುವ ಈ ಅಭ್ಯಾಸಕ್ಕೆ ಹಣ ಬೇಡ, ಸಾಧನ ಬೇಡ. ತಿಂಗಳುಗಟ್ಟಲೆ ಬಿಡದೆ ಮಾಡುವ ತಾಳ್ಮೆ ಮಾತ್ರ ಬೇಕು.

ಗ್ರಂಥಗಳಿಗೆ ಏರದ ಚರಿತ್ರೆಯೊಂದು ನಮ್ಮ ಮನೆಗಳಲ್ಲಿದೆ. ಅಕ್ಕಲಕೋಟೆ ತಾಲ್ಲೂಕಿನ ನಮ್ಮ ಊರಿನಲ್ಲಿ ನನ್ನ ಅಜ್ಜಿ ಮಧ್ಯಾಹ್ನ ಮಲಗುವಾಗ ಸೊಂಟದ ಕೆಳಗೆ ಮಡಿಸಿದ ಕೌದಿ ಇಟ್ಟುಕೊಳ್ಳುತ್ತಿದ್ದಳು. ಸೀರೆಯೊಳಗೆ ಹಳೆಯ ಧೋತರದ ಪಟ್ಟಿಯನ್ನು ಕಚ್ಚೆಯಂತೆ ಬಿಗಿಯುತ್ತಿದ್ದಳು. ಕೆಮ್ಮು ಬಂದರೆ ಕಾಲಿಗೆ ಕಾಲು ಹೆಣೆದು ಕೂಡುತ್ತಿದ್ದಳು. ನಾವು ಅದನ್ನು ಮುಪ್ಪಿನ ರೂಢಿ ಎಂದುಕೊಂಡಿದ್ದೆವು. ಆಕೆ ತೀರಿಕೊಂಡ ಮೇಲೆ ಅವ್ವ ಹೇಳಿದ್ದು: “ಮೂರನೇ ಬಾಣಂತನದಾಗ ಇಪ್ಪತ್ತು ದಿನಕ್ಕ ಹೊಲಕ್ಕ ಹೋದ್ಲು. ಆವಾಗಿಂದ ಇತ್ತು.” ಈ ರೂಢಿಗಳ ಹಿಂದೆ ವಿವೇಕವಿತ್ತು. ಮಲಗಿದಾಗ ಭಾರ ಇಳಿಯುತ್ತದೆ. ಕಟ್ಟು ತಾತ್ಕಾಲಿಕವಾಗಿ ಆನಿಸುತ್ತದೆ. ಕೆಮ್ಮುವ ಮೊದಲು ಕಟಿತಳವನ್ನು ಬಿಗಿಹಿಡಿಯಬೇಕೆಂದು ಇಂದಿನ ಫಿಸಿಯೋಥೆರಪಿಯೂ ಕಲಿಸುತ್ತದೆ. ಆದರೆ ಬಟ್ಟೆ ಒದ್ದೆಯಾದರೆ ಹುಣ್ಣು, ಸೋಂಕು. ನಲವತ್ತು ವರ್ಷ ಆಕೆ ಅದನ್ನೂ ಸಹಿಸಿದ್ದಳು.

ಆಕೆಗೆ ಬಳೆಯಾಕಾರದ ಪೆಸರಿ ದೊರೆಯಬಹುದಿತ್ತಲ್ಲವೇ? ಇಲ್ಲಿ ಭಾಷೆಯ ಪ್ರಶ್ನೆ ಎದುರಾಗುತ್ತದೆ. ಶಸ್ತ್ರಚಿಕಿತ್ಸೆಯನ್ನು ಹೆಬ್ಬೆಟ್ಟಿನ ಗುರುತೊಂದರ ಮೇಲೆ ಮಾಡಿ ಮುಗಿಸಬಹುದು. ಪೆಸರಿ ಹಾಗಲ್ಲ. ಅಳತೆ ನೋಡಿ ಕೂಡಿಸಿದ ಮೇಲೆ ನಡೆದು, ಕುಕ್ಕರಗಾಲಿನಲ್ಲಿ ಕುಳಿತು, ಒತ್ತುತ್ತದೆಯೇ, ಜಾರುತ್ತದೆಯೇ, ಮೂತ್ರ ಸಲೀಸೇ ಎಂದು ಆಕೆ ಹೇಳಬೇಕು. ತೆಗೆದು ಸಾಬೂನು ನೀರಿನಲ್ಲಿ ತೊಳೆದು ಮತ್ತೆ ಇಟ್ಟುಕೊಳ್ಳುವುದನ್ನು ಕಲಿಯಬೇಕು. ಅದಾಗದಿದ್ದರೆ ಕೆಲವು ತಿಂಗಳಿಗೊಮ್ಮೆ ತಪ್ಪದೆ ತೋರಿಸಬೇಕು. ರಕ್ತ ಕಂಡರೆ, ದುರ್ಗಂಧದ ಸ್ರಾವವಾದರೆ, ಮೂತ್ರ ಕಟ್ಟಿದರೆ ಕೂಡಲೇ ಹೋಗಬೇಕೆಂದು ತಿಳಿದಿರಬೇಕು. ವ್ಯಾಯಾಮದಲ್ಲಿ ಯಾವ ಸ್ನಾಯುವನ್ನು ಬಿಗಿಯಬೇಕೆಂಬುದು ಮಾತಿನಿಂದಲೇ ತಿಳಿಯಬೇಕು. ಮಲವಿಸರ್ಜನೆಗೆ ಮುಕ್ಕಬಾರದು, ನಾರಿನ ಆಹಾರ ಉಣ್ಣಬೇಕು, ತುಂಬಿದ ಕೊಡ ಎತ್ತಬಾರದು ಎಂಬ ಸಲಹೆಗಳಿಗೂ ಮಾತೇ ಆಧಾರ. ಮರೆಮಾತಿನಲ್ಲಿ ಈ ಸಂಭಾಷಣೆ ನಡೆಯದು. ಅರೆತಿಳಿದ ಪರಭಾಷೆಯಲ್ಲಂತೂ ನಡೆಯದು.

2008ರಲ್ಲಿ ನೇಪಾಳದ ಸರ್ವೋಚ್ಚ ನ್ಯಾಯಾಲಯ ಈ ಬಾಧೆಯನ್ನು ಸಂತಾನೋತ್ಪತ್ತಿ ಆರೋಗ್ಯದ ಹಕ್ಕಿನ ಪ್ರಶ್ನೆಯೆಂದು ಪರಿಗಣಿಸಿತು. ಅಂಗವೆಂಬ ಮರೆಮಾತು ಅಲ್ಲಿ ನ್ಯಾಯದ ಮಾತಾಯಿತು. ಭಾಷಾ ಅಲ್ಪಸಂಖ್ಯಾತರ ಹಕ್ಕೆಂದೊಡನೆ ನಾವು ಶಾಲೆ, ಪಠ್ಯಪುಸ್ತಕ, ನಾಮಫಲಕಗಳನ್ನು ನೆನೆಯುತ್ತೇವೆ. ಹೆರಿಗೆ ವಾರ್ಡಿನ ಕನ್ನಡವೂ ಆ ಪಟ್ಟಿಯಲ್ಲಿರಬೇಕು. ಮರಾಠಿ, ತೆಲುಗು, ತಮಿಳು, ಮಲಯಾಳಗಳ ಈ ಪದಗಳನ್ನು ಗಡಿಯ ಕನ್ನಡದ ಪದಗಳೊಂದಿಗೆ ಜೋಡಿಸಿದ ಒಂದು ಪುಟದ ಕೈಪಿಡಿ ಆಶಾ ಕಾರ್ಯಕರ್ತೆಯರ ಕೈಸೇರಿದರೂ ಸಾಕು, ಇನ್ನೊಬ್ಬ ಅಜ್ಜಿ ನಲವತ್ತು ವರ್ಷ ಧೋತರದ ಪಟ್ಟಿ ಬಿಗಿದುಕೊಂಡಿರಬೇಕಾಗಿಲ್ಲ.