ಕಪ್ಪು ಗೆರೆಯೊಳಗಿನ ನೀರು

ಮಾಂಸಖಂಡವನ್ನು ಮೂಳೆಗೆ ಬಿಗಿಯುವ ಹುರಿಯೇ ಸ್ನಾಯುರಜ್ಜು. ವೈದ್ಯರ ಬಾಯಲ್ಲಿ ಟೆಂಡನ್. ಎಂಆರ್‌ಐ ಚಿತ್ರದಲ್ಲಿ ಆರೋಗ್ಯವಾದ ಟೆಂಡನ್ ಕಾಣುವುದು ಬರಿಯ ಕಪ್ಪು ಗೆರೆಯಾಗಿ. ಅದರಲ್ಲಿ ನೀರಿಲ್ಲವೆಂದಲ್ಲ, ತೂಕದ ಅರ್ಧಕ್ಕಿಂತ ಹೆಚ್ಚು ನೀರೇ. ಆದರೆ ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳ ನಡುವೆ ಸಿಕ್ಕಿಕೊಂಡ ಆ ನೀರಿನ ಸಂಕೇತ, ಯಂತ್ರ ಹಿಡಿಯುವ ಮೊದಲೇ ಅಡಗಿಹೋಗುತ್ತದೆ.

ಕೊಲಾಜೆನ್ ಮೂರು ಸುರುಳಿಗಳ ಕಟ್ಟು ಎಂಬ ಮಾದರಿಯನ್ನು 1954ರಲ್ಲಿ ಮುಂದಿಟ್ಟವರು ನಮ್ಮವರೇ: ಮದರಾಸು ವಿಶ್ವವಿದ್ಯಾಲಯದ ಜಿ.ಎನ್. ರಾಮಚಂದ್ರನ್ ಮತ್ತು ಗೋಪಿನಾಥ ಕರ್ತಾ. ರಾಮಚಂದ್ರನ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಅವರ ಸಾಧನ ಕ್ಷ-ಕಿರಣ. 1962ರಲ್ಲಿ ಡಚ್ ವಿಜ್ಞಾನಿ ಬೆರೆಂಡ್ಸೆನ್, ಕೊಲಾಜೆನ್ ಎಳೆಗಳನ್ನು ಕಾಂತಕ್ಷೇತ್ರದಲ್ಲಿ ತಿರುಗಿಸಿದಂತೆಲ್ಲ ನೀರಿನ ಸಂಕೇತ ಬದಲಾಗುವುದನ್ನು ಕಂಡರು.

1973ರಲ್ಲಿ ಪಾಲ್ ಲೌಟರ್‌ಬರ್ ಕಾಂತೀಯ ಅನುರಣನದಿಂದ ಚಿತ್ರ ಮೂಡಿಸಿದ ಮೇಲೆ ಈ ಹಳೆಯ ಸಂಗತಿಗೆ ಬೆಲೆ ಬಂತು. ಎಳೆಗಳು ಕಾಂತಕ್ಷೇತ್ರಕ್ಕೆ ಸುಮಾರು 55 ಡಿಗ್ರಿ ಓರೆಯಾದರೆ ಸಂಕೇತ ಹೆಚ್ಚು ಹೊತ್ತು ಉಳಿಯುತ್ತದೆಂದು 1985ರಲ್ಲಿ ಅಮೆರಿಕದ ಗ್ಯಾರಿ ಫುಲ್ಲರ್ಟನ್ ಮತ್ತು ಸಂಗಡಿಗರು ತೋರಿಸಿದರು. ಕಪ್ಪು ಗೆರೆ ಅಲ್ಲಿ ಬೆಳ್ಳಗಾಗುತ್ತದೆ. ಇದಕ್ಕೆ ‘ಮಾಯಾಕೋನ’ ಎಂದು ಹೆಸರು. ಮಾಯೆಯೇ ಸರಿ, ಏಕೆಂದರೆ ಹರಿದ ಟೆಂಡನ್ ಕೂಡ ಬೆಳ್ಳಗೇ ಕಾಣುತ್ತದೆ! ಭುಜದಲ್ಲಿ ಬಾಗಿ ಸಾಗುವ ಗಟ್ಟಿಮುಟ್ಟಾದ ಟೆಂಡನ್ ಹೀಗೆ ರೋಗಗ್ರಸ್ತವೆಂದು ತೋರಿ, ರೋಗಿ ಬೇಡದ ಚಿಕಿತ್ಸೆಗೆ ಗುರಿಯಾಗಬಹುದು. ಅದಕ್ಕೇ ರೇಡಿಯಾಲಜಿಸ್ಟರು ಸಂಕೇತವನ್ನು ತುಸು ತಡವಾಗಿ ಹಿಡಿಯುವ ಇನ್ನೊಂದು ಚಿತ್ರವನ್ನೂ ನೋಡುತ್ತಾರೆ. ಮಾಯಾಕೋನದ ಹೊಳಪು ಅದರಲ್ಲಿ ಅಳಿದಿರುತ್ತದೆ. ಟೆಂಡನ್ ನಿಜಕ್ಕೂ ಹರಿದಿದ್ದರೆ ಹೊಳಪು ಉಳಿದೇ ಇರುತ್ತದೆ.