ಪಂಚಗಂಗೆಯ ಮಹಾಪೂರಗಳು ಮತ್ತು ನಮ್ಮ ಮನೆಗಳು

ಕೊಲ್ಹಾಪುರ ಸೀಮೆಯ ಇತಿಹಾಸ ಬರೆಯುವಾಗ ನಾವು ಸಾಮಾನ್ಯವಾಗಿ ಮಹಾಲಕ್ಷ್ಮಿಯ ದೇವಾಲಯದಿಂದಲೋ ಖಿದ್ರಾಪುರದ ಕೋಪೇಶ್ವರ ಗುಡಿಯಿಂದಲೋ ಆರಂಭಿಸುತ್ತೇವೆ. ಅಲ್ಲಿನ ಕನ್ನಡ ಶಾಸನಗಳು ನಮ್ಮ ಅಭಿಮಾನದ ಸಂಗತಿಗಳು, ಅದು ತಕ್ಕದ್ದೇ. ಆದರೆ ಆ ಶಾಸನಗಳನ್ನು ಬರೆಯಿಸಿದ ಅರಸರಿಗಿಂತಲೂ ಹಿಂದಿನಿಂದ ಹರಿಯುತ್ತಿರುವ ಹೊಳೆಗಳ ಇತಿಹಾಸವನ್ನು ನಾವು ಬರೆದಿಡುವುದು ಕಡಿಮೆ. ಅದನ್ನು ಮರೆತುದರ ಫಲವನ್ನು ನಮ್ಮ ಮನೆತನವೂ ಉಂಡಿರುವುದರಿಂದ ಈ ಸ್ಮರಣ ಸಂಚಿಕೆಗೆ ಆ ವಿಷಯವನ್ನೇ ಆರಿಸಿಕೊಂಡಿದ್ದೇನೆ.

ಕಾಸಾರಿ, ಕುಂಭಿ, ತುಳಸಿ, ಭೋಗಾವತಿ ಎಂಬ ನಾಲ್ಕು ಹೊಳೆಗಳಿಗೆ ಗುಪ್ತಗಾಮಿನಿ ಸರಸ್ವತಿಯನ್ನು ಸೇರಿಸಿ ನಮ್ಮ ಹಿರಿಯರು ಪಂಚಗಂಗೆ ಎಂದರು. ಪ್ರಯಾಗ ಚಿಖಲಿಯಲ್ಲಿ ಒಂದಾದ ಈ ನೀರು ಕೊಲ್ಹಾಪುರ, ಇಚಲಕರಂಜಿಗಳನ್ನು ಬಳಸಿ ನರಸೋಬಾವಾಡಿಯಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಗಡಹಿಂಗ್ಲಜದ ಹಿರಣ್ಯಕೇಶಿಯ ದಾರಿ ಬೇರೆ. ಅದು ಆಂಬೋಲಿಯ ಬಳಿ ಸಹ್ಯಾದ್ರಿಯಲ್ಲಿ ಹುಟ್ಟಿ, ಆಜರಾ, ಗಡಹಿಂಗ್ಲಜಗಳನ್ನು ಹಾದು, ಸಂಕೇಶ್ವರದ ಮೂಲಕ ಘಟಪ್ರಭೆಯನ್ನು ಸೇರುತ್ತದೆ. ಈ ಹೊಳೆಗಳಿಗೆ ರಾಜ್ಯದ ಗಡಿಯಿಲ್ಲ. ಅವುಗಳ ಮಹಾಪೂರಕ್ಕೂ ಇಲ್ಲ.

ಕೊಲ್ಹಾಪುರದ ರಾಜಾರಾಮ ಬಂಧಾರೆಯಲ್ಲಿ ಪಂಚಗಂಗೆಯ ಮಟ್ಟವನ್ನು ಅಳೆಯುತ್ತಾರೆ. ಅಲ್ಲಿ 39 ಅಡಿ ಎಂದರೆ ಎಚ್ಚರಿಕೆಯ ಮಟ್ಟ, 43 ಅಡಿ ಎಂದರೆ ಅಪಾಯದ ಮಟ್ಟ. 1989ರಲ್ಲಿ ದೊಡ್ಡ ಹೊಳೆ ಬಂತು. 2005ರಲ್ಲಿ ನೀರು ಸುಮಾರು 50 ಅಡಿಗೆ ಏರಿತು. 2019ರ ಆಗಸ್ಟ್‌ನಲ್ಲಿ 55 ಅಡಿಯನ್ನು ದಾಟಿತು. ಪುಣೆ-ಬೆಂಗಳೂರು ಹೆದ್ದಾರಿ ಹಲವು ದಿನ ಮುಚ್ಚಿತು. 2021ರ ಜುಲೈನಲ್ಲಿ ಮತ್ತೆ 56 ಅಡಿಯ ಆಸುಪಾಸು ತಲುಪಿತು. ಈ ವರ್ಷಗಳ ನಡುವಿನ ಅಂತರವನ್ನು ಗಮನಿಸಿರಿ: ಹದಿನಾರು, ಹದಿನಾಲ್ಕು, ಎರಡು. 2024ರ ಜುಲೈನಲ್ಲೂ ಹೊಳೆ ಅಪಾಯದ ಮಟ್ಟವನ್ನು ಮೀರಿತು. ತಲೆಮಾರಿಗೊಮ್ಮೆ ಬರುವ ಸಂಕಟವೆಂದು ಇದನ್ನು ಇನ್ನು ತಿಳಿಯುವಂತಿಲ್ಲ.

ನನ್ನ ಅಕ್ಕನ ಮನೆ ಶಿರೋಳ ತಾಲೂಕಿನ ಒಂದು ಹಳ್ಳಿಯಲ್ಲಿದೆ. 2005ರಲ್ಲಿ ನೀರು ನಿಂತ ಎತ್ತರಕ್ಕೆ ಭಾವನವರು ಗೋಡೆಯ ಮೇಲೆ ಕಾವಿಯಿಂದ ಒಂದು ಗೆರೆ ಎಳೆದಿದ್ದರು. ಆ ಗೆರೆ ಕಟ್ಟೆಯ ಮೆಟ್ಟಿಲಿನ ಮಟ್ಟದಲ್ಲಿತ್ತು. 2019ರಲ್ಲಿ ಹೊಳೆ ಏರುತ್ತಿದೆಯೆಂದು ಕೇಳಿ ಫೋನು ಮಾಡಿದೆ. “ಆಗ ಹೊಸ್ತಿಲಾ ದಾಟಲಿಲ್ಲ ತಮ್ಮಾ, ಈಗೇನ ದಾಟತೈತಿ?” ಎಂದಳು. ಮುಖ್ಯಾಧ್ಯಾಪಕನಾಗಿ ಬದುಕೆಲ್ಲ ಮಕ್ಕಳಿಗೆ ಲೆಕ್ಕ ಹೇಳಿದ ನಾನು, “ಆಗಲಿ, ಒಂದು ದಿನ ನೋಡು” ಎಂದೆ. ಆ ಒಂದು ದಿನದಲ್ಲಿ ನೀರು ಗೆರೆಯನ್ನೂ ಕಿಟಕಿಯನ್ನೂ ಮುಳುಗಿಸಿತು. ಅಕ್ಕ ಭಾವ ಮಾಳಿಗೆಯ ಮೇಲೆ ರಾತ್ರಿ ಕಳೆದರು; ಮರುದಿನ ದೋಣಿಯವರು ಕರೆತಂದರು. ದನದ ಕೊಟ್ಟಿಗೆಯಲ್ಲಿ ಕಟ್ಟಿದ್ದ ಎರಡು ಎಮ್ಮೆಗಳು ಉಳಿಯಲಿಲ್ಲ. ಅಕ್ಕ ನನ್ನನ್ನು ಎಂದೂ ದೂರಲಿಲ್ಲ. “ಹಗ್ಗಾ ಬಿಚ್ಚಿದ್ದರ ಬದುಕತಿದ್ದವು” ಎಂದು ಮಾತ್ರ ಪ್ರತಿ ಆಷಾಢದಲ್ಲಿ ಅನ್ನುತ್ತಾಳೆ.

ಹೀಗೆ ಹಿಂದಿನ ಗೆರೆಯನ್ನು ನಂಬಿ ಕುಳಿತವರು ನಾವಿಬ್ಬರೇ ಅಲ್ಲ. ಆದುದರಿಂದ ಗೋಡೆಯ ಗುರುತನ್ನು ನೀರು ಇಲ್ಲಿಯವರೆಗೆ ಬಂದಿತ್ತು ಎಂದು ಓದಬೇಕು. ಇಲ್ಲಿಯವರೆಗೇ ಬರುತ್ತದೆ ಎಂದು ಓದಬಾರದು.

ನೀರು ಬೇಗ ಇಳಿಯದಿರುವುದಕ್ಕೂ ಕಾರಣವುಂಟು. ಕೊಯ್ನೆಯ ನೀರಿನಿಂದ ಕೃಷ್ಣೆ ತುಂಬಿ ಹರಿಯುವಾಗ, ನರಸೋಬಾವಾಡಿಯಲ್ಲಿ ಪಂಚಗಂಗೆಗೆ ಮುಂದೆ ಸಾಗಲು ದಾರಿಯಿರದೆ ಅದು ಹಿಂದಕ್ಕೆ ಒತ್ತುತ್ತದೆ. ಅಲ್ಲಿಯ ನೆಲವೂ ಸಮತಟ್ಟು. ಮಳೆ ನಿಂತ ಮೇಲೂ ಶಿರೋಳದ ಕಡೆ ದಿನಗಟ್ಟಲೆ ನೀರು ನಿಲ್ಲುವುದು ಇದರಿಂದಲೇ. ಪ್ರತಿ ಸಲ ಆಲಮಟ್ಟಿಯ ಕುರಿತು ವಾದವೇಳುತ್ತದೆ. ಮಹಾರಾಷ್ಟ್ರ ಸರಕಾರವೇ ನೇಮಿಸಿದ ವಡನೇರೆ ಸಮಿತಿ 2020ರಲ್ಲಿ ಆ ಮಹಾಪೂರಕ್ಕೆ ಆಲಮಟ್ಟಿ ಕಾರಣವಲ್ಲವೆಂದಿತು. ವಾದ ಮಾತ್ರ ಮುಗಿದಿಲ್ಲ. ಅದು ತೀರ್ಮಾನವಾಗುವವರೆಗೆ ನಮ್ಮ ಮನೆಯ ಕೆಲಸವನ್ನು ನಾವು ಮುಂದೂಡಲಾಗದು.

ಆ ಕೆಲಸವನ್ನು ರೋಹಿಣಿ ಮಳೆಯ ಹೊತ್ತಿಗೇ ಆರಂಭಿಸುವುದು ಲೇಸು. ಸಾತಬಾರಾ ಉತಾರ, ರೇಶನ್ ಕಾರ್ಡು, ಆಧಾರ, ಬ್ಯಾಂಕಿನ ಪುಸ್ತಕ, ಮಕ್ಕಳ ಶಾಲಾ ದಾಖಲೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಒಂದೇ ಕಡೆ ಇಡಬೇಕು. ಹಿರಿಯರ ಬಿಪಿ, ಸಕ್ಕರೆ ಕಾಯಿಲೆಯ ಗುಳಿಗೆಗಳು ಹದಿನೈದು ದಿನಕ್ಕಾಗುವಷ್ಟು ಜೊತೆಗಿರಲಿ. ಟಾರ್ಚು, ಅವಲಕ್ಕಿ, ಕುಡಿಯುವ ನೀರು ಸಿದ್ಧವಿರಲಿ. ರಾಧಾನಗರಿ ಶಾಹೂ ಮಹಾರಾಜರ ದೂರದೃಷ್ಟಿಯ ಫಲ. ಅದರ ಏಳು ಸ್ವಯಂಚಾಲಿತ ಬಾಗಿಲುಗಳು ಕೆರೆ ತುಂಬಿದಾಗ ತಾವಾಗಿಯೇ ತೆರೆಯುತ್ತವೆ. ಎಷ್ಟು ಬಾಗಿಲು ತೆರೆದವೆಂಬ ಸುದ್ದಿಯನ್ನು ಮನೆಮಂದಿಯೆಲ್ಲ ಕೇಳಬೇಕು. 39 ಅಡಿಯಾದೊಡನೆ ಮೊದಲು ದನಗಳನ್ನು ಎತ್ತರದ ಊರಿಗೆ ಹೊಡೆಯಬೇಕು. ಇಚಲಕರಂಜಿಯ ಮಗ್ಗದವರು ಮೋಟಾರು, ನೂಲುಗಳನ್ನು ಮೇಲಕ್ಕೆ ಏರಿಸಬೇಕು. ಮನೆ ಬಿಡುವಾಗ ವಿದ್ಯುತ್ತಿನ ಮೇನ್ ಸ್ವಿಚ್ಚನ್ನೂ ಗ್ಯಾಸಿನ ಕೀಲಿಯನ್ನೂ ಮುಚ್ಚಬೇಕು. ಸೇತುವೆಯ ಮೇಲೆ ನೀರು ಹರಿಯುತ್ತಿರುವಾಗ ಯಾವ ಕಾರಣಕ್ಕೂ ದಾಟಬಾರದು. ಜಿಲ್ಲಾ ನಿಯಂತ್ರಣ ಕೊಠಡಿಯ 1077 ಸಂಖ್ಯೆ ಬಾಯಿಪಾಠವಾಗಿರಲಿ.

ನೀರು ಇಳಿದ ಮೇಲಿನ ದಿನಗಳೂ ಅಷ್ಟೇ ಕಠಿಣ. 2019ರಲ್ಲಿ ನೀರೆತ್ತುವ ಕೇಂದ್ರಗಳು ಮುಳುಗಿ, ಸುತ್ತಲೂ ನೀರಿದ್ದ ಕೊಲ್ಹಾಪುರದ ನಲ್ಲಿಗಳಲ್ಲಿಯೇ ನೀರಿರಲಿಲ್ಲ. ಕೆಟ್ಟ ನೀರು ಏನು ಮಾಡಬಲ್ಲದೆಂಬುದನ್ನು ಇಚಲಕರಂಜಿ 2012ರ ಕಾಮಾಲೆಯಲ್ಲಿ ಕಂಡಿದೆ. ಕುದಿಸದ ನೀರನ್ನು ಕುಡಿಯಬಾರದು. ಕೆಸರು ಬಳಿಯುವ ಮೊದಲು ಹಾನಿಯ ಫೋಟೋ ತೆಗೆದಿಟ್ಟರೆ ಪಂಚನಾಮೆಗೆ ಅನುಕೂಲ.

ಸಂಘದ ಬಂಧುಗಳಲ್ಲಿ ಒಂದು ವಿನಂತಿ. ಸೂಚನೆಗಳು ಮರಾಠಿಯಲ್ಲಿ ಬರುತ್ತವೆ; ನಮ್ಮ ಮನೆಗಳಲ್ಲಿ ಕನ್ನಡವನ್ನಷ್ಟೇ ಬಲ್ಲ ಹಿರಿಯರು ಇನ್ನೂ ಇದ್ದಾರೆ. ಮಳೆಗಾಲದಲ್ಲಿ ಓಣಿಗೊಬ್ಬ ತರುಣ ದಿನದ ಮಟ್ಟವನ್ನು ಅವರಿಗೆ ಕನ್ನಡದಲ್ಲಿ ತಿಳಿಸುವ ಹೊಣೆ ಹೊತ್ತರೆ ಅದೂ ಕನ್ನಡದ ಸೇವೆಯೇ.

2021ರಲ್ಲಿ ಮಟ್ಟ 39 ಅಡಿಯಾದ ಸಂಜೆ ನಾನು ಫೋನು ಮಾಡುವ ಮೊದಲೇ ಅಕ್ಕ ನಮ್ಮ ಮನೆಗೆ ಬಂದಳು. ಕೈಯಲ್ಲಿ ಕಾಗದಪತ್ರಗಳ ಚೀಲವಿತ್ತು. ಹೊಸ ಎಮ್ಮೆಯನ್ನು ಭಾವನವರು ಹಿಂದಿನ ದಿನವೇ ಎತ್ತರದ ಊರಿನ ಬೀಗರಲ್ಲಿಗೆ ಹೊಡೆದಿದ್ದರು. ಆ ಸಲ ನೀರು ಅವರ ಕಿಟಕಿಯನ್ನು ಮತ್ತೆ ಮುಳುಗಿಸಿತು. ಮನೆಯಲ್ಲಿ ಯಾರೂ ಇರಲಿಲ್ಲ.