ಅರ್ಧ ಆಟಕ್ಕೆ ಅರ್ಧ ಬೆಲೆ



ಟಿ.ವಿ. ಕಾರ್ಯಕ್ರಮ ತಯಾರಿಸುವ ನಮ್ಮಂಥವರಿಗೆ ಪ್ರೇಕ್ಷಕರ ಪತ್ರವೆಂದರೆ ಬಹಳ ಆಸೆ, ಜೊತೆಗೆ ಸ್ವಲ್ಪ ಅನುಮಾನ. ಹೊಗಳಿಕೆಯ ಪತ್ರ ಬಂದರೆ ಮೊದಲು ಸಂತೋಷಪಡುತ್ತೇವೆ, ಆಮೇಲೆ ಕಳುಹಿಸಿದವರ ವಿಳಾಸ ನೋಡುತ್ತೇವೆ. ಏಕೆ ಎಂದು ತಿಳಿಯಲು ಈ ಪ್ರಸಂಗ ಕೇಳಿ.

1990ರ ಸುಮಾರಿಗೆ ಅಮೆರಿಕದ ಲೂಯಿಸಿಯಾನಾದಲ್ಲಿದ್ದ ಸಾಫ್ಟ್‌ಡಿಸ್ಕ್ ಎಂಬ ಕಂಪನಿಯಲ್ಲಿ ಜಾನ್ ರೊಮೆರೊ ಎಂಬ ತರುಣರು ಕಂಪ್ಯೂಟರ್ ಆಟಗಳನ್ನು ಬರೆಯುತ್ತಿದ್ದರು. ಅವರಿಗೆ ಬೇರೆ ಬೇರೆ ಹೆಸರಿನ ಅಭಿಮಾನಿಗಳಿಂದ ಪತ್ರಗಳು ಬರತೊಡಗಿದವು. ಹಿಗ್ಗಿದ ರೊಮೆರೊ ಅವನ್ನು ಗೋಡೆಗೆ ಅಂಟಿಸಿಕೊಂಡರು. ಒಂದು ದಿನ ಗಮನಿಸಿದರೆ ಎಲ್ಲ ಪತ್ರಗಳ ವಿಳಾಸವೂ ಒಂದೇ! ಬರೆದವರು ಟೆಕ್ಸಾಸ್‌ನ ಅಪೋಜಿ ಕಂಪನಿಯ ಸ್ಕಾಟ್ ಮಿಲ್ಲರ್. ಬೇರೆ ಕಂಪನಿಯವರು ನೇರವಾಗಿ ಬರೆದರೆ ಪತ್ರ ಮೇಜಿನವರೆಗೆ ತಲುಪಲಾರದೆಂದು ಅವರು ಅಭಿಮಾನಿಯ ವೇಷ ತೊಟ್ಟಿದ್ದರು. ರೊಮೆರೊ ಮೊದಲು ಸಿಟ್ಟಾದರು, ಆಮೇಲೆ ಮಾತಿಗೆ ಕುಳಿತರು. ಆ ಮಾತುಕತೆಯ ಫಲವೇ 1990ರ ಡಿಸೆಂಬರ್‌ನಲ್ಲಿ ಹೊರಬಂದ ‘ಕಮಾಂಡರ್ ಕೀನ್’. ಅದರ ಮೊದಲ ಭಾಗ ಪುಕ್ಕಟೆ. ಯಾರು ಯಾರಿಗೆ ಬೇಕಾದರೂ ನಕಲು ಮಾಡಿ ಕೊಡಬಹುದಿತ್ತು. ಇಷ್ಟವಾದವರು ಉಳಿದ ಭಾಗಗಳಿಗೆ ಹಣ ಕಳುಹಿಸಬೇಕಿತ್ತು.

‘ಮೊದಲು ಬಳಸಿ ನೋಡಿ, ಆಮೇಲೆ ಹಣ ಕೊಡಿ’ ಎಂಬ ಈ ಪದ್ಧತಿ ಮಿಲ್ಲರ್ ಅವರದೇ ಹೊಸ ಆಲೋಚನೆಯಲ್ಲ. 1982ರಲ್ಲೇ ಕ್ಯಾಲಿಫೋರ್ನಿಯಾದ ಆಂಡ್ರ್ಯೂ ಫ್ಲೂಗಲ್‌ಮನ್ ತಮ್ಮ ‘ಪಿಸಿ-ಟಾಕ್’ ತಂತ್ರಾಂಶವನ್ನು ಹಂಚಿ, ಮೆಚ್ಚಿಗೆಯಾದರೆ 25 ಡಾಲರ್ ಕಳುಹಿಸಿ ಎಂದು ಕೇಳಿದ್ದರು. ಆದರೆ ಈ ಎರಡೂ ಸಂದರ್ಭಗಳಲ್ಲಿ ಜನರ ಕೈಗೆ ಬಂದದ್ದು ಪೂರ್ತಿಯಾದ ವಸ್ತು. ಅರ್ಧಂಬರ್ಧ ವಸ್ತುವನ್ನು ಮಾರಿದರೆ?

ಈಗ ಸ್ವೀಡನ್ನಿಗೆ ಬನ್ನಿ. ಸ್ಟಾಕ್‌ಹೋಮಿನಲ್ಲಿ ಕಂಪನಿಯೊಂದರ ನೌಕರಿ ಮಾಡುತ್ತ, ಬಿಡುವಿನಲ್ಲಿ ಆಟ ಬರೆಯುತ್ತಿದ್ದ ಮಾರ್ಕಸ್ ಪರ್ಸನ್ 2009ರ ಮೇ 17ರಂದು, ಸ್ವತಂತ್ರವಾಗಿ ಆಟ ತಯಾರಿಸುವವರ ಬಳಗದ ಮುಂದೆ ಒಂದು ಕಚ್ಚಾ ಆಟವನ್ನಿಟ್ಟರು. ಚೌಕಾಕಾರದ ಕಲ್ಲುಮಣ್ಣಿನ ತುಂಡುಗಳನ್ನು ಒಡೆಯುವುದು, ಜೋಡಿಸುವುದು, ಅಷ್ಟೆ. ಅಂಕವಿಲ್ಲ, ಗೆಲುವಿಲ್ಲ. ಅದೇ ನೀವೆಲ್ಲ ಬಲ್ಲ ‘ಮೈನ್‌ಕ್ರಾಫ್ಟ್’. ನೋಡಿದವರು ಇದು ಬೇಕು, ಅದು ಸರಿಯಿಲ್ಲ ಎಂದು ಬರೆದರು. ಪರ್ಸನ್ ತಿದ್ದಿ, ಕೆಲವೇ ದಿನಗಳಲ್ಲಿ ಮತ್ತೆ ಅವರ ಮುಂದಿಡುತ್ತಿದ್ದರು.

ಜೂನ್ ತಿಂಗಳಲ್ಲೇ ಅವರು ಬೆಲೆ ಕಟ್ಟಿದರು. ಇಲ್ಲಿ ಸ್ವಲ್ಪ ನಿಧಾನಿಸಿ ನೋಡಿ. ಸಾಮಾನ್ಯವಾಗಿ ಹೊಸ ಸರಕಿಗೆ ಹೆಚ್ಚು ಬೆಲೆ, ಹಳತಾದಂತೆ ಕಡಿಮೆ. ಪರ್ಸನ್ ಇದನ್ನು ತಿರುವುಮುರುವು ಮಾಡಿದರು. ಆಟ ಪೂರ್ತಿಯಾದಾಗ ಸುಮಾರು 20 ಯೂರೋ. ಈಗ ಅರ್ಧವೇ ಆಗಿದೆ, ಆದ್ದರಿಂದ 9.95 ಯೂರೋ. 2010ರ ಡಿಸೆಂಬರ್ 20ರಂದು ಆಟ ‘ಬೀಟಾ’ ಹಂತಕ್ಕೆ ಬಂದಾಗ 14.95. 2011ರ ನವೆಂಬರ್ 18ರಂದು ಪೂರ್ಣ ಬಿಡುಗಡೆಯಾದಾಗ 19.95. ಬೀಟಾಕ್ಕೂ ಮೊದಲು ಕೊಂಡವರಿಗೆ ಇನ್ನೊಂದು ಮಾತು ಕೊಟ್ಟಿದ್ದರು: ಮುಂದಿನ ಎಲ್ಲ ಆವೃತ್ತಿಗಳೂ ನಿಮಗೆ ಉಚಿತ.

ನಮ್ಮ ಪ್ರಕಾಶಕರು ದೊಡ್ಡ ಗ್ರಂಥಗಳಿಗೆ ಪ್ರಕಟಣಪೂರ್ವ ಬೆಲೆ ಇಡುವುದು ನಿಮಗೆ ಗೊತ್ತಿರಬಹುದು. ಆದರೆ ಅಲ್ಲಿ ಮುಂಗಡ ಕೊಟ್ಟ ಓದುಗ ಮೂರನೆಯ ಅಧ್ಯಾಯ ಹೀಗಿರಲಿ ಎಂದು ಹೇಳಲಾರ. ಇಲ್ಲಿ ಹೇಳಬಹುದಿತ್ತು, ಹೇಳಿದ್ದು ಆಟದೊಳಗೆ ಬಂದದ್ದೂ ಉಂಟು. ವಸ್ತುಗಳನ್ನು ತಳ್ಳುವ ‘ಪಿಸ್ಟನ್’ ಮೊದಲು ಆಟಗಾರರೊಬ್ಬರು ತಾವೇ ಮಾಡಿ ಸೇರಿಸಿಕೊಂಡಿದ್ದ ಸಾಧನ. 2011ರ ಜೂನ್‌ನಲ್ಲಿ ಅದು ಅಧಿಕೃತವಾಗಿ ಆಟದ ಭಾಗವಾಯಿತು.

ಹಾಗೆಂದು ಕೇಳಿದ್ದನ್ನೆಲ್ಲ ಕೊಟ್ಟರೆಂದು ತಿಳಿಯಬೇಡಿ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಆಟಕ್ಕೆ ‘ಹಸಿವು’ ಸೇರಿತು. ಅಲ್ಲಿಯವರೆಗೆ ಊಟ ಮಾಡಿದ ಕೂಡಲೇ ಗಾಯ ಮಾಯುತ್ತಿತ್ತು. ಇನ್ನು ಮೇಲೆ ಹಾಗಿಲ್ಲ. ಹಳಬರು ಗೊಣಗಿದರು. ಹಸಿವು ಮಾತ್ರ ಉಳಿಯಿತು. ಇನ್ನು ಆಟದ ಗುರುತೇ ಆಗಿಹೋಗಿರುವ, ಸದ್ದಿಲ್ಲದೆ ಬಂದು ಸಿಡಿಯುವ ಹಸಿರು ‘ಕ್ರೀಪರ್’ ಯಾರೂ ಕೇಳಿದ್ದೇ ಅಲ್ಲ. ಹಂದಿಯ ಆಕೃತಿ ಮಾಡಲು ಹೋಗಿ ಉದ್ದ ಮತ್ತು ಎತ್ತರದ ಅಳತೆಗಳು ಅದಲುಬದಲಾದಾಗ ಹುಟ್ಟಿದ ಪ್ರಾಣಿ ಅದು!

ವಿಜ್ಞಾನ ಓದಿದವನಾಗಿ ನನಗೆ ಇಲ್ಲಿ ಒಂದು ತೊಡಕು ಕಾಣುತ್ತದೆ. ಪತ್ರ ಬರೆಯುವವರು ಯಾರು? ತುಂಬ ಮೆಚ್ಚಿದವರು, ಇಲ್ಲವೇ ತುಂಬ ಸಿಟ್ಟಾದವರು. ನಡುವಿನ ದೊಡ್ಡ ಸಮುದಾಯ ಸುಮ್ಮನಿರುತ್ತದೆ. ಪ್ರಯೋಗಶಾಲೆಯಲ್ಲಿ ಇಂಥ ಮಾದರಿ ಹಿಡಿದು ಫಲಿತಾಂಶ ಬರೆದರೆ ಮೇಷ್ಟರು ದಾಖಲೆ ಪುಸ್ತಕವನ್ನು ವಾಪಸು ಕೊಡುತ್ತಿದ್ದರು. ಆ ಮೌನಿಗಳ ಅಭಿಪ್ರಾಯ ತಿಳಿಯಲು ಪರ್ಸನ್‌ಗೆ ಇದ್ದ ದಾರಿ ಮಾರಾಟದ ಲೆಕ್ಕ. 2010ರ ಸೆಪ್ಟೆಂಬರ್‌ನಲ್ಲಿ ಸರ್ವರ್ ಕೈಕೊಟ್ಟಾಗ ಅವರು ಕೆಲವು ದಿನ ಆಟವನ್ನು ಎಲ್ಲರಿಗೂ ಪುಕ್ಕಟೆ ಬಿಟ್ಟರು. ಮಾರಾಟ ಕುಗ್ಗಲಿಲ್ಲ. ಆ ವರ್ಷವೇ ಅವರು ನೌಕರಿ ಬಿಟ್ಟು, ಗೆಳೆಯರೊಡನೆ ‘ಮೊಜಾಂಗ್’ ಕಂಪನಿಯನ್ನು ನಿಲ್ಲಿಸಿದರು. 2011ರ ಜನವರಿಯಲ್ಲಿ, ಬೆಲೆ 14.95ಕ್ಕೆ ಏರಿದ ಮೇಲೂ, ಇನ್ನೂ ಮುಗಿಯದ ಆಟದ ಮಾರಾಟ 10 ಲಕ್ಷ ಪ್ರತಿ ದಾಟಿತು.

ಎಲ್ಲರಿಗೂ ಈ ಲೆಕ್ಕ ಹೊಂದಲಿಲ್ಲ. 2013ರಲ್ಲಿ ‘ಪ್ಲಾನೆಟರಿ ಆನಿಹಿಲೇಶನ್’ ಎಂಬ ಆಟದ ತಯಾರಕರು ಅಪೂರ್ಣ ಆಟಕ್ಕೆ 90 ಡಾಲರ್ ಬೆಲೆಯಿಟ್ಟಾಗ ಜನ ಹೌಹಾರಿದರು. ಆದರೆ ಅದರ ಹಿಂದೆ ದುರಾಸೆಗಿಂತ ಸಂಕೋಚವೇ ಹೆಚ್ಚಿತ್ತೆಂದು ನನ್ನ ಎಣಿಕೆ. ಹಿಂದಿನ ವರ್ಷ ಅಷ್ಟೇ ಹಣ ಕೊಟ್ಟು ಆಟವನ್ನು ಬೇಗ ಪಡೆಯುವ ಹಕ್ಕು ಕೊಂಡ ಬೆಂಬಲಿಗರಿದ್ದರು. ಹೊಸಬರಿಗೆ ಅಗ್ಗವಾಗಿ ಕೊಟ್ಟರೆ ಆ ಹಳಬರಿಗೆ ಮೋಸವಾಗುವುದಿಲ್ಲವೇ? ಒಬ್ಬರಿಗೆ ನ್ಯಾಯವಾದ ಬೆಲೆ ಇನ್ನೊಬ್ಬರಿಗೆ ಸುಲಿಗೆಯಾಗಿ ಕಂಡಿತು.

ಮೈನ್‌ಕ್ರಾಫ್ಟನ್ನು 2014ರಲ್ಲಿ ಮೈಕ್ರೋಸಾಫ್ಟ್ 250 ಕೋಟಿ ಡಾಲರ್‌ಗೆ ಕೊಂಡಿತು. ಪರ್ಸನ್ ಹೊರನಡೆದರು. 2023ರ ಹೊತ್ತಿಗೆ ಮಾರಾಟ 30 ಕೋಟಿ ಪ್ರತಿ ದಾಟಿತ್ತು. ಹಳೆಯ ಮಾತೂ ಬಹಳ ವರ್ಷ ನಡೆಯಿತು: 9.95 ಯೂರೋ ಕೊಟ್ಟವರು ತಾವು ಕೊಂಡ ಕಂಪ್ಯೂಟರ್ ಆಟದ ಹೊಸ ಹೊಸ ಆವೃತ್ತಿಗಳನ್ನು ಮತ್ತೆ ಹಣ ಕೊಡದೆ ಆಡಿದರು. ಆಮೇಲೆ ಹಳೆಯ ಖಾತೆಗಳನ್ನು ಮೈಕ್ರೋಸಾಫ್ಟ್ ಖಾತೆಗೆ ಬದಲಾಯಿಸಿಕೊಳ್ಳಬೇಕೆಂಬ ಸೂಚನೆ ಬಂತು, ಗಡುವನ್ನೂ ಇಟ್ಟರು. 2023ರಲ್ಲಿ ಆ ಗಡುವು ಮುಗಿಯಿತು. ಅಷ್ಟರೊಳಗೆ ಬದಲಾಯಿಸಿಕೊಳ್ಳದವರು, ಆಟ ಅರ್ಧವಾಗಿದ್ದಾಗ ನಂಬಿ ಹಣ ಕೊಟ್ಟವರಾಗಿದ್ದರೂ, ಮತ್ತೆ ಆಡಬೇಕೆಂದರೆ ಹೊಸದಾಗಿ ಕೊಳ್ಳಬೇಕಾಯಿತು.